ಎರವಲು ಹಾಸಿಗೆ: ರಷ್ಡನ್ ಅಂಡ್ ಡೈಮಂಡ್ಸ್ ಫುಟ್‌ಬಾಲ್ ಕ್ಲಬ್ಬಿನ ಹತ್ತೊಂಬತ್ತು ವರ್ಷಗಳು

2011ರ ಜೂನ್ 11ರಂದು ಫುಟ್‌ಬಾಲ್ ಕಾನ್ಫರೆನ್ಸ್ ಎಂಬ ಇಂಗ್ಲಿಷ್ ಲೀಗಿನ ವಾರ್ಷಿಕ ಸಭೆ ನಡೆಯಿತು. ರಷ್ಡನ್ ಅಂಡ್ ಡೈಮಂಡ್ಸ್ ಕ್ಲಬ್ಬನ್ನು ಲೀಗಿನಿಂದ ಹೊರಹಾಕುವುದೆಂದು ಆ ಸಭೆಯಲ್ಲಿ ತೀರ್ಮಾನವಾಯಿತು. ಆಟದಲ್ಲಿ ಸೋತದ್ದಕ್ಕಾಗಿ ಈ ಶಿಕ್ಷೆ ಬಂದುದಲ್ಲ. ಹಿಂದಿನ ಋತುವಿನಲ್ಲಿ, ಅಂದರೆ 2009–10ರಲ್ಲಿ, ಇದೇ ತಂಡ ಇದೇ ಲೀಗಿನಲ್ಲಿ ನಾಲ್ಕನೆಯ ಸ್ಥಾನ ಪಡೆದು, ಬಡ್ತಿಗಾಗಿ ನಡೆಯುವ ಪ್ಲೇಆಫ್‌ನ ಸೆಮಿಫೈನಲ್‌ನಲ್ಲಿ ಆಕ್ಸ್‌ಫರ್ಡ್ ಯುನೈಟೆಡ್‌ಗೆ ಸೋತಿತ್ತು. ಮುಂದಿನ ಋತುವಿನ ಪಂದ್ಯಗಳನ್ನೆಲ್ಲ ಆಡಿ ಮುಗಿಸುತ್ತೇವೆ, ಸಾಲ ಕೊಟ್ಟವರ ಬಾಕಿಯನ್ನು ತೀರಿಸುತ್ತೇವೆ ಎಂದು ಲೀಗಿಗೆ ನಂಬಿಕೆ ಬರುವಂತೆ ಹೇಳಲು ಕ್ಲಬ್ಬಿಗೆ ಸಾಧ್ಯವಾಗಲಿಲ್ಲ, ಅಷ್ಟೇ. ತೆರವಾದ ಸ್ಥಾನ ಅದಾಗಲೇ ಹಿಂಬಡ್ತಿಗೆ ಸಿಕ್ಕಿದ್ದ ಸೌತ್‌ಪೋರ್ಟ್ ತಂಡಕ್ಕೆ ದಕ್ಕಿತು. ಕೆಲವು ವಾರಗಳಲ್ಲಿ ರಷ್ಡನ್ ಅಂಡ್ ಡೈಮಂಡ್ಸ್ ದಿವಾಳಿಯಾಗಿ ಮುಚ್ಚಿಹೋಯಿತು. ಎಂಟು ವರ್ಷಗಳ ಹಿಂದೆ ಅದು ಇಂಗ್ಲೆಂಡಿನ ನಾಲ್ಕನೆಯ ಹಂತದ ಚಾಂಪಿಯನ್ ಆಗಿತ್ತು.

ಸಣ್ಣ ಊರಿನ ಕ್ಲಬ್ಬೊಂದು ಶ್ರೀಮಂತನ ಹಣದಿಂದ ಮೇಲೇರಿ, ಹಣ ನಿಂತಾಗ ಕೆಳಗೆ ಬಿತ್ತು ಎಂದು ಈ ಪ್ರಕರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವವರಿದ್ದಾರೆ. ಆ ವಾಕ್ಯ ಸುಳ್ಳಲ್ಲ. ಆದರೆ ಹಣ ಎಲ್ಲಿಂದ ಬಂತು, ಯಾವುದಕ್ಕೆ ಖರ್ಚಾಯಿತು, ನಿಂತಾಗ ಏನು ಉಳಿದಿತ್ತು ಎಂಬ ಮೂರು ಪ್ರಶ್ನೆಗಳನ್ನು ಅದು ಮುಟ್ಟುವುದಿಲ್ಲ. ಪ್ರಕರಣದ ತಿರುಳು ಇರುವುದು ಮೂರನೆಯ ಪ್ರಶ್ನೆಯಲ್ಲಿ ಎಂದು ನನಗೆ ಅನಿಸುತ್ತದೆ.

ಊರು, ನದಿ, ಚರ್ಮ

ಇಂಗ್ಲೆಂಡಿನ ನಡುಭಾಗದಲ್ಲಿರುವ ನಾರ್ತಾಂಪ್ಟನ್‌ಶರ್ ಬೂಟುಗಳ ಸೀಮೆ. ಚರ್ಮಕ್ಕೆ ದನಗಳು, ಹದ ಮಾಡಲು ಓಕ್ ಮರದ ತೊಗಟೆ, ನೀರಿಗೆ ನದಿ ಎಲ್ಲವೂ ಒಂದೆಡೆ ಸಿಕ್ಕಿದ್ದರಿಂದ ಶತಮಾನಗಳಿಂದ ಅಲ್ಲಿನ ಊರೂರಿನಲ್ಲೂ ಬೂಟು ಹೊಲಿಯುವ ಕಸುಬು ನಡೆಯುತ್ತಿತ್ತು. ಜಿಲ್ಲಾ ಕೇಂದ್ರದ ಕ್ಲಬ್ಬಾದ ನಾರ್ತಾಂಪ್ಟನ್ ಟೌನ್‌ಗೆ ಇಂದಿಗೂ ‘ಕಾಬ್ಲರ್ಸ್’, ಅಂದರೆ ಮೋಚಿಗಳು, ಎಂಬ ಅಡ್ಡಹೆಸರಿದೆ. ಜಿಲ್ಲೆಯನ್ನು ಹಾದುಹೋಗುವ ನದಿಯ ಹೆಸರನ್ನು ಮೇಲ್ದಂಡೆಯವರು ‘ನೆನ್’ ಎಂದೂ ಕೆಳಗೆ ಪೀಟರ್‌ಬರೊ ಕಡೆಯವರು ‘ನೀನ್’ ಎಂದೂ ಉಚ್ಚರಿಸುತ್ತಾರೆ. ನಮ್ಮ ಊರುಗಳು ಮೇಲ್ದಂಡೆಯ ಕಡೆಯವಾದ್ದರಿಂದ ಇಲ್ಲಿ ನೆನ್ ಎಂದೇ ಬರೆಯುತ್ತೇನೆ.

ಊರುಗಳು ಎರಡು. ರಷ್ಡನ್ ದೊಡ್ಡದು, ಆಗ ಇಪ್ಪತ್ತೈದು ಸಾವಿರದ ಆಸುಪಾಸಿನ ಜನಸಂಖ್ಯೆಯ ಪೇಟೆ. ಕೆಲವೇ ಮೈಲಿ ದೂರದ ಇರ್ತ್ಲಿಂಗ್‌ಬರೊದಲ್ಲಿ ಆಗ ಇದ್ದವರು ಏಳು ಸಾವಿರದಷ್ಟು ಜನ. ರಷ್ಡನ್ ಟೌನ್ ಕ್ಲಬ್ 1889ರಲ್ಲಿ ಹುಟ್ಟಿತ್ತು. ಊರಿನ ಹೆಸರಿನ ಸದ್ದನ್ನೇ ಹಿಡಿದು ಅದನ್ನು ‘ರಷ್ಯನ್ಸ್’ ಎಂದು ಕರೆಯುತ್ತಿದ್ದರು. ಇರ್ತ್ಲಿಂಗ್‌ಬರೊ ಡೈಮಂಡ್ಸ್ ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ. ರಷ್ಡನ್ ಟೌನ್ ಸದರ್ನ್ ಲೀಗಿನಲ್ಲಿ ಆಡುತ್ತಿತ್ತಾದರೂ ಹೇಡನ್ ರಸ್ತೆಯ ಅದರ ಹಳೆಯ ಮೈದಾನ ಮೇಲಿನ ಹಂತಗಳು ಕೇಳುವ ಸೌಕರ್ಯಗಳಿಗೆ ಸಾಲುತ್ತಿರಲಿಲ್ಲ. ಡೈಮಂಡ್ಸ್ ಅದಕ್ಕಿಂತ ಕೆಳಗಿನ ಯುನೈಟೆಡ್ ಕೌಂಟೀಸ್ ಲೀಗಿನಲ್ಲಿತ್ತು, ಆದರೆ ನದಿಯ ಪಕ್ಕ ನೆನ್ ಪಾರ್ಕ್ ಎಂಬ, ಬೆಳೆಯಲು ಬೇಕಾದಷ್ಟು ಜಾಗವಿದ್ದ ಮೈದಾನ ಅದರ ಕೈಯಲ್ಲಿತ್ತು. ಒಬ್ಬರಿಗೆ ಲೀಗಿನಲ್ಲಿ ಸ್ಥಾನ, ಇನ್ನೊಬ್ಬರಿಗೆ ಜಾಗ: ಗಂಡು ಹೆಣ್ಣಿನ ಜಾತಕ ಕೂಡಿಬಂದಂತೆ 1992ರಲ್ಲಿ ಎರಡೂ ಒಂದಾದವು. ಈ ಮದುವೆ ಮಾಡಿಸಿದವರು, ಖರ್ಚನ್ನೂ ವಹಿಸಿಕೊಂಡವರು, ಮ್ಯಾಕ್ಸ್ ಗ್ರಿಗ್ಸ್.

ಗ್ರಿಗ್ಸ್ ಮನೆತನ ಸಮೀಪದ ವಾಲಸ್ಟನ್ ಹಳ್ಳಿಯ ಬೂಟು ತಯಾರಕರದು. ಕ್ಲಾಸ್ ಮಾರ್ಟೆನ್ಸ್ ಎಂಬ ಜರ್ಮನ್ ವೈದ್ಯ ಹಿಮದಲ್ಲಿ ಸ್ಕೀ ಆಡುವಾಗ ಕಾಲು ಉಳುಕಿಸಿಕೊಂಡು, ನೋಯುವ ಪಾದಕ್ಕೆಂದು ಗಾಳಿ ತುಂಬಿದ ಮೆತ್ತನೆಯ ಅಟ್ಟೆಯೊಂದನ್ನು ರೂಪಿಸಿದ್ದ. ಅದನ್ನು ಬ್ರಿಟನ್ನಿನಲ್ಲಿ ತಯಾರಿಸುವ ಹಕ್ಕನ್ನು ಗ್ರಿಗ್ಸ್ ಕುಟುಂಬ ಕೊಂಡು, 1960ರ ಏಪ್ರಿಲ್ 1ರಂದು ಎಂಟು ಕಣ್ಣಿನ ಬೂಟನ್ನು ಮಾರುಕಟ್ಟೆಗೆ ಬಿಟ್ಟಿತು. ಆ ತಾರೀಖೇ ಬೂಟಿನ ನಂಬರಾಯಿತು: 1460. ಅಟ್ಟೆಯ ಅಂಚಿನುದ್ದಕ್ಕೂ ಎದ್ದು ಕಾಣುವ ಹಳದಿ ಹೊಲಿಗೆ, ಹಿಮ್ಮಡಿಯ ಮೇಲೆ ಕೈಬೆರಳು ತೂರಿಸಿ ಎಳೆಯಲು ಕಪ್ಪು-ಹಳದಿ ಪಟ್ಟಿ, ಪಟ್ಟಿಯ ಮೇಲೆ ‘ಏರ್‌ವೇರ್’ ಎಂಬ ಬರಹ. ಮೊದಲು ಅಂಚೆಯವರು, ಕಾರ್ಖಾನೆಯ ಕೂಲಿಗಳು ತೊಟ್ಟ ಈ ಡಾಕ್ಟರ್ ಮಾರ್ಟೆನ್ಸ್ ಬೂಟನ್ನು ಆಮೇಲೆ ಸ್ಕಿನ್‌ಹೆಡ್ ಹುಡುಗರು, ಪಂಕ್ ಗಾಯಕರು ತೊಟ್ಟರು. 1990ರ ದಶಕಕ್ಕೆ ಬರುವಷ್ಟರಲ್ಲಿ ಅದು ಲೋಕದ ಎಲ್ಲೆಡೆ ಫ್ಯಾಶನ್ ಆಗಿತ್ತು. ನೆನ್ ಪಾರ್ಕಿಗೆ ಹರಿದ ಹಣ ಈ ಫ್ಯಾಶನ್ನಿನ ಹಣ. ಮುಂದಿನದೆಲ್ಲ ಈ ಮಾತಿನಿಂದಲೇ ಹುಟ್ಟುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಏರಿಕೆ

ಇಂಗ್ಲಿಷ್ ಫುಟ್‌ಬಾಲನ್ನು ಅಲ್ಲಿನವರು ಪಿರಮಿಡ್ ಎನ್ನುತ್ತಾರೆ. ತುದಿಯಲ್ಲಿರುವ ನಾಲ್ಕು ಹಂತಗಳ 92 ಕ್ಲಬ್ಬುಗಳು ‘ಲೀಗ್’ ಕ್ಲಬ್ಬುಗಳು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿರುವ ಸಾವಿರಾರು ಕ್ಲಬ್ಬುಗಳೆಲ್ಲ ‘ನಾನ್-ಲೀಗ್’. ಗೆದ್ದವರಿಗೆ ಬಡ್ತಿ, ಸೋತವರಿಗೆ ಹಿಂಬಡ್ತಿ ಇರುವುದರಿಂದ ಸಿದ್ಧಾಂತದ ಮಟ್ಟಿಗೆ ಯಾವ ಹಳ್ಳಿಯ ತಂಡವೂ ತುದಿಗೆ ಹೋಗಬಹುದು. ವಾಸ್ತವದಲ್ಲಿ ಐದನೆಯ ಹಂತದಿಂದ ನಾಲ್ಕನೆಯದಕ್ಕೆ ದಾಟುವ ಬಾಗಿಲು ಬಲು ಕಿರಿದಾಗಿತ್ತು. ಡೈಮಂಡ್ಸ್ ಮೇಲೇರುತ್ತಿದ್ದ ವರ್ಷಗಳಲ್ಲಿ ಐದನೆಯ ಹಂತವಾದ ಕಾನ್ಫರೆನ್ಸಿನಿಂದ ವರ್ಷಕ್ಕೆ ಹೆಚ್ಚೆಂದರೆ ಒಂದೇ ತಂಡಕ್ಕೆ ಬಡ್ತಿಯಿತ್ತು, ಅದಕ್ಕೂ ಮೈದಾನ ನಿಗದಿತ ಮಟ್ಟದ್ದಾಗಿರಬೇಕಿತ್ತು. ಲೀಗ್ ಗೆದ್ದರೂ ಮೈದಾನ ಸರಿಯಿಲ್ಲವೆಂದು ಬಡ್ತಿ ಕಳೆದುಕೊಂಡ ತಂಡಗಳುಂಟು.

ಗ್ರಿಗ್ಸ್ ಇದನ್ನು ಸರಿಯಾಗಿ ಅರಿತಿದ್ದರು. ಹಾಗಾಗಿಯೇ ತಂಡ ಕಟ್ಟುವುದರ ಜೊತೆಜೊತೆಗೇ ಅವರು ಮೈದಾನವನ್ನೂ ಕಟ್ಟಿದರು. ನೆನ್ ಪಾರ್ಕಿನ ನಾಲ್ಕೂ ಬದಿಗೆ ಹೊಸ ಗ್ಯಾಲರಿಗಳು ಎದ್ದವು. ಒಂದು ಬದಿಯ ಗ್ಯಾಲರಿಗೆ ಬೂಟಿನ ಹೆಸರನ್ನೇ ಇಟ್ಟರು, ಏರ್‌ವೇರ್ ಸ್ಟ್ಯಾಂಡ್. ಸಭಾಂಗಣ, ಬೂಟಿನಂಗಡಿಗಳೂ ಜೊತೆಗೂಡಿ ಒಂದು ಸಂಕೀರ್ಣವೇ ಆಯಿತು. ಕೆಲಸ ಮುಗಿದಾಗ ಮೈದಾನದಲ್ಲಿ 6,441 ಜನರಿಗೆ ಜಾಗವಿತ್ತು. ಊರಿನ ಮಗುವಿನಿಂದ ಮುದುಕರವರೆಗೆ ಎಲ್ಲರೂ ಬಂದು ಕೂತರೂ ಹೆಚ್ಚುಕಡಿಮೆ ಹಿಡಿಸುವಷ್ಟು ದೊಡ್ಡದು ಎಂದರೆ ಅದರ ಅಳತೆ ತಿಳಿದೀತು.

ಬಡ್ತಿಗಳು ಬೇಗ ಬಂದವು. ಕ್ಲಬ್ ಏಳನೆಯ ಹಂತದಲ್ಲಿ, ಸದರ್ನ್ ಲೀಗಿನ ಮಿಡ್‌ಲ್ಯಾಂಡ್ ವಿಭಾಗದಲ್ಲಿ, ಕೆಲವೇ ನೂರು ಪ್ರೇಕ್ಷಕರ ಮುಂದೆ ಆಟ ಶುರುಮಾಡಿತು. 1994ರಲ್ಲಿ ಆ ವಿಭಾಗವನ್ನೂ 1996ರಲ್ಲಿ ಅದರ ಮೇಲಿನ ಪ್ರೀಮಿಯರ್ ವಿಭಾಗವನ್ನೂ ಗೆದ್ದು ಕಾನ್ಫರೆನ್ಸಿಗೆ ಬಂತು. ಮರುವರ್ಷ ಬ್ರಯಾನ್ ಟ್ಯಾಲ್ಬಟ್ ಮ್ಯಾನೇಜರ್ ಆಗಿ ಬಂದರು. 1978ರಲ್ಲಿ ಇಪ್ಸ್‌ವಿಚ್ ಪರವಾಗಿ, 1979ರಲ್ಲಿ ಆರ್ಸೆನಲ್ ಪರವಾಗಿ, ದೊಡ್ಡ ಸಣ್ಣ ಕ್ಲಬ್ಬುಗಳೆಲ್ಲ ಸ್ಪರ್ಧಿಸುವ ಎಫ್‌ಎ ಕಪ್ ಗೆದ್ದಿದ್ದ ಆಟಗಾರ ಅವರು. ಇಂಥವರು ಐದನೆಯ ಹಂತದ ತಂಡವೊಂದಕ್ಕೆ ಬರುತ್ತಾರೆಂದರೆ, ಆ ತಂಡ ಕೊಡುವ ಸಂಬಳ ಐದನೆಯ ಹಂತದ್ದಲ್ಲ ಎಂದು ಬೇರೆ ಹೇಳಬೇಕಿಲ್ಲ. ಎದುರಾಳಿ ಊರುಗಳಲ್ಲಿ ಈ ಬಗ್ಗೆ ಅಸಮಾಧಾನವಿತ್ತು. ನೆರೆಯ ಕೆಟರಿಂಗ್ ಟೌನ್ ಅಭಿಮಾನಿಗಳಿಗಂತೂ ಕಣ್ಣೆದುರೇ ಬೆಳೆದ ಈ ಹೊಸ ಸಿರಿವಂತಿಕೆ ಸಹಿಸಲಾಗದ ಸಂಗತಿಯಾಗಿತ್ತು.

1999ರ ಜನವರಿ 2ರಂದು ಎಫ್‌ಎ ಕಪ್ಪಿನ ಮೂರನೆಯ ಸುತ್ತಿಗೆ ಲೀಡ್ಸ್ ಯುನೈಟೆಡ್ ನೆನ್ ಪಾರ್ಕಿಗೆ ಬಂತು. ಡೇವಿಡ್ ಓಲಿಯರಿಯ ಆ ಲೀಡ್ಸ್ ಸಾಮಾನ್ಯ ತಂಡವಲ್ಲ, ಆ ವರ್ಷ ಪ್ರೀಮಿಯರ್ ಲೀಗಿನಲ್ಲಿ ನಾಲ್ಕನೆಯ ಸ್ಥಾನದಲ್ಲಿ ನಿಂತದ್ದು. ಪಂದ್ಯ ನೋಡಲು 6,431 ಜನ ಸೇರಿದರು, ಮೈದಾನ ತುಂಬಲು ಹತ್ತು ಜನ ಕಡಿಮೆ. ತೊಂಬತ್ತು ನಿಮಿಷ ಮುಗಿದಾಗ ಸ್ಕೋರು 0–0. ಲೀಡ್ಸ್‌ನ ಎಲ್ಲಂಡ್ ರೋಡಿನಲ್ಲಿ ನಡೆದ ಮರುಪಂದ್ಯವನ್ನು ಡೈಮಂಡ್ಸ್ 3–1ರಿಂದ ಸೋತಿತು. ಕ್ಲಬ್ಬಿನ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಜನ ನೆನ್ ಪಾರ್ಕಿನಲ್ಲಿ ಮತ್ತೆ ಸೇರಲೇ ಇಲ್ಲ.

2000ದಲ್ಲಿ ಕಾನ್ಫರೆನ್ಸಿನಲ್ಲಿ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್ ಹಿಂದೆ ಎರಡನೆಯ ಸ್ಥಾನಕ್ಕೆ ಉಳಿದ ತಂಡ, 2001ರಲ್ಲಿ ಯೋವಿಲ್ ಟೌನನ್ನು ಹಿಂದಿಕ್ಕಿ ಬಾಗಿಲು ದಾಟಿತು. ಮೊದಲ ಲೀಗ್ ಋತುವಿನಲ್ಲೇ ಪ್ಲೇಆಫ್ ಫೈನಲ್ ತಲುಪಿ ಕಾರ್ಡಿಫ್‌ನಲ್ಲಿ ಚೆಲ್ಟನಮ್ ಟೌನ್‌ಗೆ 3–1ರಿಂದ ಸೋತಿತು. 2003ರ ಮೇ ತಿಂಗಳ ಕೊನೆಯ ಪಂದ್ಯಕ್ಕೆ ಹಾರ್ಟಲ್‌ಪೂಲ್ ಯುನೈಟೆಡ್ ನೆನ್ ಪಾರ್ಕಿಗೆ ಬಂದಾಗ ಎರಡೂ ತಂಡಗಳಿಗೆ ಬಡ್ತಿ ಖಾತ್ರಿಯಾಗಿತ್ತು, ಉಳಿದಿದ್ದ ಪ್ರಶ್ನೆ ಚಾಂಪಿಯನ್ ಯಾರೆಂಬುದು ಮಾತ್ರ. ಹಾರ್ಟಲ್‌ಪೂಲ್ ಗೆಲ್ಲಲೇಬೇಕಿತ್ತು, ಡೈಮಂಡ್ಸ್‌ಗೆ ಡ್ರಾ ಸಾಕಿತ್ತು. ಆಟ 1–1ರಲ್ಲಿ ನಿಂತಿತು. ಹನ್ನೊಂದು ಋತುಗಳಲ್ಲಿ ನಾಲ್ಕು ಬಡ್ತಿ, ನಾಲ್ಕನ್ನೂ ಚಾಂಪಿಯನ್ ಆಗಿಯೇ ಪಡೆದದ್ದು. ಇರ್ತ್ಲಿಂಗ್‌ಬರೊ ಗಾತ್ರದ ಊರಿನಲ್ಲಿ ಮೂರನೆಯ ಹಂತದ ಫುಟ್‌ಬಾಲ್ ನಡೆಯುವಂತಾಯಿತು.

ಹಣ ನಿಂತ ಬಗೆ

ಆ ವಿಜಯೋತ್ಸವದ ಹೊತ್ತಿಗೆ ಕಾರ್ಖಾನೆಗಳಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಶತಮಾನ ತಿರುಗಿದಾಗ ಡಾಕ್ಟರ್ ಮಾರ್ಟೆನ್ಸ್ ಬೂಟಿನ ಫ್ಯಾಶನ್ ಇಳಿಯಿತು, ಮಾರಾಟ ಕುಸಿಯಿತು. ಬ್ರಿಟನ್ನಿನಲ್ಲಿ ತಯಾರಿಕೆ ನಿಲ್ಲಿಸಿ ಚೀನಾಕ್ಕೆ ಒಯ್ಯುವುದಾಗಿ 2002ರ ಅಕ್ಟೋಬರಿನಲ್ಲಿ ಕಂಪನಿ ಪ್ರಕಟಿಸಿತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ತಂಡ ಕಪ್ ಎತ್ತಿದ 2003ರಲ್ಲೇ, ಆ ಕಪ್ಪಿಗೆ ಹಣ ಕೊಟ್ಟ ಬೂಟು ನಾರ್ತಾಂಪ್ಟನ್‌ಶರಿನಲ್ಲಿ ಹೊಲಿಯುವುದು ನಿಂತಿತು. ಈ ಕಸುಬನ್ನು ಬಾಳಿನುದ್ದಕ್ಕೂ ಮಾಡಿದ ಕುಟುಂಬಗಳಿದ್ದ ಸೀಮೆ ಅದು. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಕೆಲಸ ಕಳೆದುಕೊಂಡ ಮನೆಯವರಿದ್ದರೋ. ವಾಲಸ್ಟನ್‌ನ ಕಾಬ್ಸ್ ಲೇನ್ ಕಾರ್ಖಾನೆಯಲ್ಲಿ ಸಣ್ಣ ಪ್ರಮಾಣದ ತಯಾರಿಕೆ ಮುಂದೆ ಮತ್ತೆ ಶುರುವಾಯಿತಾದರೂ ಅದು ಈ ಪ್ರಕರಣದ ಗತಿಯನ್ನು ಬದಲಿಸುವಂಥದ್ದಲ್ಲ.

ಎರಡನೆಯ ಪೆಟ್ಟು ಟಿವಿಯಿಂದ ಬಂತು. ಡೈಮಂಡ್ಸ್ ಲೀಗಿಗೆ ಕಾಲಿಟ್ಟ 2001ರಲ್ಲೇ ಫುಟ್‌ಬಾಲ್ ಲೀಗ್ ಐಟಿವಿ ಡಿಜಿಟಲ್ ಜೊತೆ ಮಾಡಿಕೊಂಡಿದ್ದ ಮೂರು ವರ್ಷಗಳ, 31.5 ಕೋಟಿ ಪೌಂಡಿನ ಪ್ರಸಾರ ಒಪ್ಪಂದ ಜಾರಿಗೆ ಬಂದಿತ್ತು. 2002ರ ಮಾರ್ಚಿನಲ್ಲಿ ಆ ವಾಹಿನಿಯೇ ಮುಳುಗಿತು. ಬರುವ ಹಣವನ್ನು ನಂಬಿ ಆಟಗಾರರಿಗೆ ಸಂಬಳ ಗೊತ್ತುಮಾಡಿದ್ದ ಸಣ್ಣ ಕ್ಲಬ್ಬುಗಳೆಲ್ಲ ಏದುಸಿರುಬಿಟ್ಟವು. ಯಜಮಾನರ ಕಿಸೆಯೂ ಟಿವಿಯ ಕಿಸೆಯೂ ಒಂದೇ ಕಾಲಕ್ಕೆ ಬರಿದಾದ ಕ್ಲಬ್ ಯಾವುದೆಂದರೆ ಬೆರಳು ಇತ್ತ ಕಡೆಗೇ ತಿರುಗಬೇಕು.

ಮೂರನೆಯ ಹಂತದಲ್ಲಿ ಒಂದೇ ಋತು. 2004ರ ಮಾರ್ಚಿನಲ್ಲಿ ಟ್ಯಾಲ್ಬಟ್ ಓಲ್ಡಮ್‌ಗೆ ಹೊರಟುಹೋದರು, ತಂಡ ಹಿಂಬಡ್ತಿ ಪಡೆಯಿತು. 2006ರಲ್ಲಿ ನಾಲ್ಕನೆಯ ಹಂತದ ಕಟ್ಟಕಡೆಯ ಸ್ಥಾನದಲ್ಲಿ ನಿಂತು, ಆಕ್ಸ್‌ಫರ್ಡ್ ಯುನೈಟೆಡ್ ಜೊತೆಗೆ ಕಾನ್ಫರೆನ್ಸಿಗೆ ಮರಳಿತು.

ಒಪ್ಪಿಸಿದ್ದು ಏನನ್ನು?

ಈ ಎರಡು ಹಿಂಬಡ್ತಿಗಳ ನಡುವೆ, 2005ರಲ್ಲಿ, ಗ್ರಿಗ್ಸ್ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟಿಗೆ ಹೆಸರಿಗಷ್ಟೇ ಬೆಲೆ ಕಟ್ಟಿ ಒಪ್ಪಿಸಿದರು. ಮೇಲ್ನೋಟಕ್ಕೆ ಇದಕ್ಕಿಂತ ಉದಾರವಾದ ನಡೆ ಇಲ್ಲ. ಬಹಳಷ್ಟು ಮಾಲೀಕರು ಇಂಥ ಹೊತ್ತಿನಲ್ಲಿ ಮೈದಾನವನ್ನು ಮನೆ ಕಟ್ಟುವವರಿಗೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಗ್ರಿಗ್ಸ್ ಅವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯವಾಗುತ್ತದೆ. ಅವರ ಮೇಲೆ ಊರಿನವರಿಗೆ ಇಂದಿಗೂ ಕೃತಜ್ಞತೆಯಿದ್ದರೆ ಅದು ಸಹಜವೇ.

ಆದರೆ ಒಪ್ಪಿಸಿದ ವಸ್ತುವನ್ನು ಹತ್ತಿರದಿಂದ ನೋಡಬೇಕು. ವರ್ಷಪೂರ್ತಿ ಸಂಬಳ ಪಡೆಯುವ ವೃತ್ತಿಪರ ಆಟಗಾರರ ತಂಡ, ನಾಲ್ಕೂ ಬದಿ ಗ್ಯಾಲರಿಯಿರುವ ಕ್ರೀಡಾಂಗಣ, ಅದರ ವಿದ್ಯುತ್ತು, ಹುಲ್ಲು, ಕಾವಲು, ದುರಸ್ತಿ ಇವೆಲ್ಲ ತಂಡ ಗೆದ್ದರೂ ಸೋತರೂ ತಿಂಗಳು ತಿಂಗಳು ಬಾಯ್ತೆರೆದು ಕೇಳುವ ಖರ್ಚುಗಳು. ಪ್ರೇಕ್ಷಕರು ಕಡಿಮೆಯಾದರೆಂದು ಗ್ಯಾಲರಿ ತಾನಾಗಿ ಕುಗ್ಗುವುದಿಲ್ಲ. ಆದಾಯಕ್ಕೆ ಇದ್ದದ್ದು ಟಿಕೆಟ್ ಹಣ, ಊರಿನ ಅಂಗಡಿಯವರ ಜಾಹೀರಾತು, ಆಟಗಾರನನ್ನು ಮಾರಿದಾಗ ಬರುವ ಒಂದಿಷ್ಟು. ನಡುವಿನ ಕಂದಕವನ್ನು ಹದಿಮೂರು ವರ್ಷ ಒಬ್ಬರ ಕೈ ತುಂಬುತ್ತಿತ್ತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಈ ಕ್ಲಬ್ ಮೀರಿತ್ತೆಂದು ಹೇಳಲು ಬಾರದು. ಹಾಸಿಗೆ ದೊಡ್ಡದೇ ಇತ್ತು, ಕಾಲು ಅದರೊಳಗೇ ಇತ್ತು, ಹಾಸಿಗೆ ಮಾತ್ರ ಎರವಲಿನದು. ಟ್ರಸ್ಟಿನ ಕೈಗೆ ಬಂದದ್ದು ಚಾಚಿಯೇ ಅಭ್ಯಾಸವಾಗಿದ್ದ ಕಾಲು.

ಇದೇ ಜಿಲ್ಲೆಯ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. 1992ರ ಜನವರಿಯಲ್ಲಿ, ಡೈಮಂಡ್ಸ್ ಹುಟ್ಟುವ ಕೆಲವೇ ತಿಂಗಳ ಮುಂಚೆ, ಸಾಲದಲ್ಲಿ ಮುಳುಗುತ್ತಿದ್ದ ನಾರ್ತಾಂಪ್ಟನ್ ಟೌನ್ ಕ್ಲಬ್ಬನ್ನು ಉಳಿಸಲೆಂದು ಅದರ ಅಭಿಮಾನಿಗಳು ಒಂದು ಟ್ರಸ್ಟ್ ಕಟ್ಟಿದರು. ಬ್ರಿಟನ್ನಿನ ಮೊತ್ತಮೊದಲ ಅಭಿಮಾನಿ ಟ್ರಸ್ಟ್ ಅದು. ಚಿಲ್ಲರೆ ಚಿಲ್ಲರೆಯಾಗಿ ಹಣ ಕೂಡಿಸಿ, ಆಡಳಿತ ಮಂಡಳಿಯಲ್ಲಿ ತಮ್ಮ ಪ್ರತಿನಿಧಿಯನ್ನು ಕೂರಿಸಿದರು. ಅದರ ಮುಂದಾಳು ಬ್ರಯಾನ್ ಲೋಮ್ಯಾಕ್ಸ್ ಮುಂದೆ ದೇಶದ ಇತರ ಕ್ಲಬ್ಬುಗಳಿಗೂ ಇದೇ ದಾರಿ ತೋರಿಸುವ ಸಂಸ್ಥೆಯನ್ನು ನಡೆಸಿದರು. ಸಣ್ಣ ಕ್ಲಬ್ ಯಾರದು ಎಂಬ ಪ್ರಶ್ನೆಗೆ ಒಂದೇ ಜಿಲ್ಲೆ ಒಂದೇ ವರ್ಷದಲ್ಲಿ ಎರಡು ಉತ್ತರ ಕೊಟ್ಟಿತ್ತು. ಡೈಮಂಡ್ಸ್ ಅಭಿಮಾನಿಗಳಿಗೆ ಎರಡನೆಯ ಉತ್ತರ ಸಿಕ್ಕಿದ್ದು ಹದಿಮೂರು ವರ್ಷ ತಡವಾಗಿ, ಅದೂ ಕ್ಲಬ್ ಇಳಿಜಾರಿನಲ್ಲಿದ್ದಾಗ. ಏರುವ ಕಾಲದಲ್ಲೇ ಗ್ರಿಗ್ಸ್ ಅವರ ಪಕ್ಕದಲ್ಲಿ ಅಭಿಮಾನಿಗಳಿಗೂ ಒಂದು ಕುರ್ಚಿ ಇದ್ದಿದ್ದರೆ, ಲೆಕ್ಕದ ಪುಸ್ತಕ ಓದುವ ರೂಢಿ ಅವರಿಗೂ ಬಂದಿರುತ್ತಿತ್ತು ಎಂಬುದು ನನ್ನ ಅನಿಸಿಕೆ. ಇದನ್ನು ರುಜುವಾತುಪಡಿಸಲು ಬರುವುದಿಲ್ಲ.

ಟ್ರಸ್ಟಿನಿಂದ ಭಾರ ಹೊರಲಾಗಲಿಲ್ಲ. ಮರುವರ್ಷವೇ ಕ್ಲಬ್ ಹೊಸ ಮಾಲೀಕರ ಕೈಗೆ ಹೋಯಿತು, ಅಲ್ಲಿಂದ ಇನ್ನೊಬ್ಬರ ಕೈಗೆ. ಆ ಐದು ವರ್ಷಗಳ ವಿವರ ಬೇಸರ ತರುವಂಥದ್ದು, ಹಣಕ್ಕೆ ತಡಕಾಡುವ ಎಲ್ಲ ಕ್ಲಬ್ಬುಗಳ ವಿವರವೂ ಒಂದೇ ಬಗೆಯದು. ಅದರ ಕೊನೆಯಲ್ಲಿ 2011ರ ಜೂನ್ ಇದೆ.

ಆನಂತರ

ಕ್ಲಬ್ ಸತ್ತರೂ ಕ್ರೀಡಾಂಗಣ ನಿಂತೇ ಇತ್ತು. ಖಾಲಿಯಾದ ನೆನ್ ಪಾರ್ಕಿಗೆ ಅದೇ ವರ್ಷ ಬಂದು ಸೇರಿದ್ದು ಬೇರಾರೂ ಅಲ್ಲ, ಹಳೆಯ ಎದುರಾಳಿ ಕೆಟರಿಂಗ್ ಟೌನ್. ಶತ್ರುವಿನ ಮನೆಯಲ್ಲಿ ಬಾಡಿಗೆಗಿದ್ದಂತಹ ಈ ವಾಸ ಅವರಿಗೂ ಒಗ್ಗಲಿಲ್ಲ. ದೊಡ್ಡ ಕ್ರೀಡಾಂಗಣದ ಖರ್ಚು ಅವರನ್ನೂ ಹಿಂಡಿತು, ಎರಡನೆಯ ಋತು ಮುಗಿಯುವ ಮೊದಲೇ ಅವರು ನೆನ್ ಪಾರ್ಕ್ ಬಿಟ್ಟು ಹೋದರು. ಬೇರೊಂದು ತಂಡ, ಬೇರೊಂದು ಆಡಳಿತ, ಆದರೂ ಅದೇ ಗತಿ. ಮೈದಾನದ ಗಾತ್ರಕ್ಕೂ ಊರಿನ ಗಾತ್ರಕ್ಕೂ ಹೊಂದಿಕೆಯಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಡೈಮಂಡ್ಸ್ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. 2011ರಲ್ಲೇ ಎಎಫ್‌ಸಿ ರಷ್ಡನ್ ಅಂಡ್ ಡೈಮಂಡ್ಸ್ ಎಂಬ ಹೆಸರಿನಲ್ಲಿ ತಮ್ಮದೇ ಮಾಲೀಕತ್ವದ ಹೊಸ ಕ್ಲಬ್ ಕಟ್ಟಿದರು. ಮೊದಲ ವರ್ಷ ಅದಕ್ಕೆ ಇದ್ದದ್ದು ಹದಿನೆಂಟರೊಳಗಿನ ಹುಡುಗರ ತಂಡವಷ್ಟೇ. 2012ರಲ್ಲಿ ಹಿರಿಯರ ತಂಡ ಯುನೈಟೆಡ್ ಕೌಂಟೀಸ್ ಲೀಗಿನ ಕೆಳಗಿನ ವಿಭಾಗದಲ್ಲಿ, ವೆಲಿಂಗ್‌ಬರೊದ ಡಾಗ್ ಅಂಡ್ ಡಕ್ ಮೈದಾನದಲ್ಲಿ ಆಡಲು ಶುರುಮಾಡಿತು. ಇರ್ತ್ಲಿಂಗ್‌ಬರೊ ಡೈಮಂಡ್ಸ್ ಇಪ್ಪತ್ತು ವರ್ಷಗಳ ಹಿಂದೆ ಬಿಟ್ಟುಬಂದಿದ್ದ ಲೀಗ್ ಅದೇ. ಆ ಲೀಗಿನ ಪ್ರೀಮಿಯರ್ ವಿಭಾಗವನ್ನು 2015ರಲ್ಲಿ ಗೆದ್ದು ಹೊಸ ಕ್ಲಬ್ ಮೇಲೇರಿತು.

ನೆನ್ ಪಾರ್ಕಿನ ಗ್ಯಾಲರಿಗಳನ್ನು 2017ರ ಹೊತ್ತಿಗೆ ಕೆಡವಿ ನೆಲಸಮ ಮಾಡಲಾಯಿತು. ಅದೇ ವರ್ಷ ಅಭಿಮಾನಿಗಳ ಕ್ಲಬ್ ವೆಲಿಂಗ್‌ಬರೊ ಬಿಟ್ಟು, ಇನ್ನೊಂದು ಸ್ಥಳೀಯ ತಂಡದ ಜೊತೆ ಮೈದಾನ ಹಂಚಿಕೊಳ್ಳುವ ಏರ್ಪಾಡಿನ ಮೇಲೆ ರಷ್ಡನ್ನಿಗೆ ಬಂತು. ಮೈದಾನ ಹೇಡನ್ ರಸ್ತೆಯದು, 1992ರಲ್ಲಿ ಸಾಲದೆಂದು ಬಿಟ್ಟುಹೋಗಿದ್ದು.